ಅಮೆರಿಕದಲ್ಲಿ ಏವಿಯೇಷನ್ ಡಿಗ್ರಿ ಮಾಡಿ ಪೈಲಟ್ ಆಗೋದು: 500 ಗಂಟೆ ಉಳಿಸೋಕೆ ನಾಲ್ಕು ವರ್ಷ ಕೊಡಬೇಕಾ?

ಮೋಡದಾಚೆ
ಅಮೆರಿಕದ ಏವಿಯೇಷನ್ ಕಾಲೇಜುಗಳ ಬ್ರೋಷರ್ ಯಾವುದನ್ನೇ ತೆರೆದರೂ ಒಂದು ಸಾಲು ದಪ್ಪಕ್ಷರದಲ್ಲಿ ಇದ್ದೇ ಇರುತ್ತೆ: ಏರ್‌ಲೈನ್ ಸೇರೋಕೆ ಬೇರೆಯವರಿಗೆ 1500 ಗಂಟೆ ಹಾರಾಟದ ಅನುಭವ ಬೇಕು, ನಮ್ಮ ಡಿಗ್ರಿ ಇದ್ದರೆ 1000 ಸಾಕು. ಇನ್ನೊಂದು ಕಡೆ, ಸುಮ್ನೆ ಒಂದು ಫ್ಲೈಟ್ ಸ್ಕೂಲ್ ಸೇರಿ ಲೈಸೆನ್ಸ್ ಮುಗಿಸಿ, ಡಿಗ್ರಿಯನ್ನ ಆಮೇಲೆ ಆನ್‌ಲೈನ್‌ನಲ್ಲಿ ಮಾಡ್ಕೊಳ್ಳಿ ಅನ್ನೋರೂ ಇದ್ದಾರೆ. ಮೂರು ಪ್ರಶ್ನೆ. ಈ 1000 ಗಂಟೆ ರಿಯಾಯಿತಿಗೆ ನಿಜವಾದ ಷರತ್ತುಗಳೇನು? ನಾಲ್ಕು ವರ್ಷದಲ್ಲಿ ಎಲ್ಲಿ ಎಡವಟ್ಟಾಗುತ್ತೆ? ಭಾರತದಿಂದ ಹೋಗೋರಿಗೆ ಲೆಕ್ಕ ಬೇರೆನಾ? ಬ್ರೋಷರ್ ಓದಿ ಹೇಳಬೇಡಿ, ನಿಯಮ ಗೊತ್ತಿರೋರು ಹೇಳಿ.

ಲಾಗ್‌ಬುಕ್ ಲಿಂಗಣ್ಣ
ನಿಯಮದ ಹೆಸರು 61.160, ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯದ್ದು. ಇದರಲ್ಲಿ ಸಿಗೋದು ಪೂರ್ತಿ ಎಟಿಪಿ (ಏರ್‌ಲೈನ್ ಪೈಲಟ್ ಲೈಸೆನ್ಸ್) ಅಲ್ಲ, ಕೋ-ಪೈಲಟ್ ಸೀಟಿಗೆ ಸಾಕಾಗೋ ರಿಸ್ಟ್ರಿಕ್ಟೆಡ್ ಎಟಿಪಿ. ಮಿಲಿಟರಿ ಪೈಲಟ್‌ಗೆ 750 ಗಂಟೆ. ಏವಿಯೇಷನ್ ಮೇಜರ್ ಇರೋ ಬ್ಯಾಚುಲರ್ ಡಿಗ್ರಿ ಜೊತೆಗೆ 60 ಕ್ರೆಡಿಟ್ ಏವಿಯೇಷನ್ ವಿಷಯಗಳಿದ್ದರೆ 1000. ಅದೇ ಡಿಗ್ರಿಯಲ್ಲಿ ಕನಿಷ್ಠ 30, ಆದರೆ 60ಕ್ಕಿಂತ ಕಡಿಮೆ ಕ್ರೆಡಿಟ್ ಇದ್ದರೆ 1250. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೂ 1250. ವಯಸ್ಸು ಕನಿಷ್ಠ 21.

ಬ್ರೋಷರ್‌ನಲ್ಲಿ ಸಣ್ಣಕ್ಷರದಲ್ಲಿ ಇರೋದು ಮುಂದಿನ ಭಾಗ. ಕಾಲೇಜಿಗೆ ಎಫ್‌ಎಎ ಕೊಟ್ಟ ಅಧಿಕಾರ ಪತ್ರ ಇರಬೇಕು. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರೋ ಅರ್ಹತೆ) ಮತ್ತು ಕಮರ್ಷಿಯಲ್ ಲೈಸೆನ್ಸ್ (ದುಡ್ಡಿಗೆ ಹಾರಿಸೋಕೆ) ಎರಡನ್ನೂ ಆ ಕಾಲೇಜಿನ ಪಾರ್ಟ್ 141 ಕೋರ್ಸ್‌ನಲ್ಲೇ (ಎಫ್‌ಎಎ ಒಪ್ಪಿದ ಪಠ್ಯಕ್ರಮ), ಅಥವಾ ಕಾಲೇಜಿನ ಜೊತೆ ಒಪ್ಪಂದ ಇರೋ 141 ಸ್ಕೂಲ್‌ನಲ್ಲಿ ಮಾಡಿರಬೇಕು. ಪ್ರೈವೇಟ್ ಲೈಸೆನ್ಸ್ ಹೊರಗೆ ಮಾಡಿದ್ದರೆ ತೊಂದರೆ ಇಲ್ಲ. ಬೇಸಿಗೆ ರಜೆಯಲ್ಲಿ ಬೇಗ ಮುಗಿಯುತ್ತೆ ಅಂತ ಬೇರೆ ಏರ್‌ಪೋರ್ಟ್‌ಗೆ ಹೋಗಿ ಕಮರ್ಷಿಯಲ್ ಮುಗಿಸಿಕೊಂಡು ಬಂದರೆ ರಿಯಾಯಿತಿ ಅಲ್ಲಿಗೇ ಹೋಯ್ತು. ಡಿಗ್ರಿ ಸರ್ಟಿಫಿಕೇಟ್ ಎಷ್ಟು ಚೆನ್ನಾಗಿದ್ದರೂ ವಾಪಸ್ ಬರಲ್ಲ.

ಪುಟ್ಟ_ಹಕ್ಕಿ
60 ಕ್ರೆಡಿಟ್ ಅಂದ್ರೆ ಏವಿಯೇಷನ್ ಅಂತ ಹೆಸರಿರೋ ಯಾವ ಕ್ಲಾಸ್ ಆದ್ರೂ ನಡೆಯುತ್ತಾ?

ಲಾಗ್‌ಬುಕ್ ಲಿಂಗಣ್ಣ
ಇಲ್ಲ. ಆ ಕಾಲೇಜಿನ ಅಧಿಕಾರ ಪತ್ರಕ್ಕೆ ಎಫ್‌ಎಎ ಒಪ್ಪಿರೋ ಕೋರ್ಸ್‌ಗಳ ಪಟ್ಟಿ ಇರುತ್ತೆ, ಅದರಲ್ಲಿರೋದು ಮಾತ್ರ. ಹವಾಮಾನ, ಏರೋಡೈನಾಮಿಕ್ಸ್, ಹ್ಯೂಮನ್ ಫ್ಯಾಕ್ಟರ್ಸ್, ವಿಮಾನದ ಸಿಸ್ಟಮ್ಸ್ ಇಂಥವು ಸಾಮಾನ್ಯವಾಗಿ ಸೇರುತ್ತವೆ. ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್ ಥರದ್ದು ಸೇರುತ್ತೆ ಅಂತ ಊಹಿಸಬೇಡಿ. ಮೊದಲ ಸೆಮಿಸ್ಟರ್‌ನಲ್ಲೇ ಆ ಪಟ್ಟಿ ಕೇಳಿ ತಗೊಳ್ಳಿ. ಕೊನೆಗೆ ಕಾಲೇಜೇ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅಥವಾ ಬೇರೆ ಪತ್ರದಲ್ಲಿ ಇವರು 1000 ಗಂಟೆಗೆ ಅರ್ಹರು ಅಂತ ಬರೆದು ಕೊಡಬೇಕು. 58 ಕ್ರೆಡಿಟ್ ಆಗಿದ್ದರೆ 1250ಕ್ಕೆ ಬರೆದು ಕೊಡ್ತಾರೆ. ಅಲ್ಲಿ ದಯೆ ದಾಕ್ಷಿಣ್ಯ ಇಲ್ಲ.

ವಿಂಡ್‌ಸಾಕ್
ಕಾಲೇಜಿಗೆ ಎಎಬಿಐ ಮಾನ್ಯತೆ ಇದೆಯಾ ಅಂತನೂ ನೋಡಬೇಕು, ಇಲ್ಲದಿದ್ದರೆ 1000 ಗಂಟೆ ಸಿಗಲ್ಲ.

ಲಾಗ್‌ಬುಕ್ ಲಿಂಗಣ್ಣ
ತಪ್ಪು. ಎಎಬಿಐ ಅನ್ನೋದು ಪಠ್ಯಕ್ರಮದ ಗುಣಮಟ್ಟಕ್ಕೆ ಸಿಗೋ ಮಾನ್ಯತೆ. ಇದ್ದರೆ ಒಳ್ಳೇದು, ಗಂಟೆ ಲೆಕ್ಕಕ್ಕೆ ಸಂಬಂಧ ಇಲ್ಲ. ನೋಡಬೇಕಾದ್ದು ಎಫ್‌ಎಎ ಪ್ರಕಟಿಸೋ ಅಧಿಕಾರ ಪತ್ರ ಪಡೆದ ಸಂಸ್ಥೆಗಳ ಪಟ್ಟಿ.

ಡಾಕ್ಟರ್‌ಗಾಳಿ
ಇದೆಲ್ಲಕ್ಕೂ ಮುಂಚೆ ಮೆಡಿಕಲ್ ಸರ್ಟಿಫಿಕೇಟ್. ಸೋಲೋ, ಅಂದ್ರೆ ಒಬ್ಬರೇ ಹಾರೋಕೆ ಥರ್ಡ್ ಕ್ಲಾಸ್ ಸಾಕು ಅಂತ ಅದನ್ನೇ ಮಾಡಿಸ್ಕೊಂಡು ಫೀಸ್ ಕಟ್ಟೋರಿದ್ದಾರೆ. ದಡ್ಡತನ. ಏರ್‌ಲೈನ್ ಗುರಿ ಇದ್ದರೆ ಅಡ್ಮಿಷನ್‌ಗೆ ದುಡ್ಡು ಕಟ್ಟೋ ಮೊದಲೇ ಫಸ್ಟ್ ಕ್ಲಾಸ್ ಮಾಡಿಸಿ. 40 ವರ್ಷದೊಳಗಿನವರಿಗೆ ಅದರ ಅವಧಿ 12 ತಿಂಗಳು.

ಕನ್ನಡಕ ಇದ್ದರೆ ಚಿಂತೆ ಇಲ್ಲ, ಸರಿಪಡಿಸಿದ ದೃಷ್ಟಿ 20/20 ಬಂದರೆ ಸಾಕು. ಜನ ಸಿಕ್ಕಿಬೀಳೋದು ಬಣ್ಣ ಗುರುತಿಸೋದರಲ್ಲಿ, ಎಡಿಎಚ್‌ಡಿ ಮಾತ್ರೆಯಲ್ಲಿ, ಖಿನ್ನತೆಗೆ ತಗೊಂಡ ಔಷಧಿಯಲ್ಲಿ. ಎಷ್ಟೋ ಕೇಸ್‌ಗಳಲ್ಲಿ ಕೊನೆಗೆ ಅನುಮತಿ ಸಿಗುತ್ತೆ, ಆದರೆ ದಾಖಲೆ ಕಳಿಸಿ ಉತ್ತರ ಬರೋಷ್ಟರಲ್ಲಿ ಒಂದೆರಡು ಸೆಮಿಸ್ಟರ್ ಹಾರಾಟ ಇಲ್ಲದೆ ಕಳೆದುಹೋಗುತ್ತೆ. ಮೆಡ್‌ಎಕ್ಸ್‌ಪ್ರೆಸ್ ಫಾರ್ಮ್‌ನಲ್ಲಿ ಹಳೇ ಕಾಯಿಲೆ ಮುಚ್ಚಿಡೋದು ಇನ್ನೂ ಕೆಟ್ಟದ್ದು. ಕಾಯಿಲೆಗೆ ದಾರಿ ಇರುತ್ತೆ, ಸುಳ್ಳಿಗೆ ಇರಲ್ಲ. ಲೈಸೆನ್ಸೇ ರದ್ದಾಗಬಹುದು.

ನೇರಮಾತು
ಎಲ್ಲ ಸರಿ, ಮೂಲ ಪ್ರಶ್ನೆಗೆ ಬನ್ನಿ. ಡಿಗ್ರಿ ದಾರಿ ದುಬಾರಿ ಮತ್ತು ನಿಧಾನ. ಪಾರ್ಟ್ 141ರಲ್ಲಿ ಪ್ರೈವೇಟ್ 35, ಇನ್‌ಸ್ಟ್ರುಮೆಂಟ್ 35, ಕಮರ್ಷಿಯಲ್ 120, ಒಟ್ಟು 190 ಗಂಟೆಗೆ ಕಮರ್ಷಿಯಲ್ ಬರುತ್ತೆ. ಅಂಥ ಪಠ್ಯಕ್ರಮದ ಕಟ್ಟಿಲ್ಲದ ಪಾರ್ಟ್ 61ರಲ್ಲಿ 250 ಬೇಕು. ಆದರೆ 190 ಆದಮೇಲೂ ಮಿಕ್ಕ 810 ಗಂಟೆ ಪಾಠ ಹೇಳಿಕೊಟ್ಟೇ ತುಂಬಿಸಬೇಕು. ಶ್ರದ್ಧೆಯಿಂದ ಹಾರಿಸೋ ಇನ್‌ಸ್ಟ್ರಕ್ಟರ್‌ಗೆ ತಿಂಗಳಿಗೆ 70 ಗಂಟೆ ಸಿಕ್ಕರೆ, ಉಳಿಸಿದ 500 ಗಂಟೆ ಅಂದ್ರೆ ಏಳು ತಿಂಗಳು ಚಿಲ್ಲರೆ. ಅದಕ್ಕೋಸ್ಕರ ನಾಲ್ಕು ವರ್ಷದ ಟ್ಯೂಷನ್?

18ಕ್ಕೆ ಫ್ಲೈಟ್ ಸ್ಕೂಲ್ ಸೇರಿದವನು ಒಂದೂವರೆ ವರ್ಷದಲ್ಲಿ ಇನ್‌ಸ್ಟ್ರಕ್ಟರ್ ಆಗಿ, 21 ದಾಟುವಷ್ಟರಲ್ಲಿ 1500 ಮುಟ್ಟಬಹುದು. ಡಿಗ್ರಿಯವನು ಕಾಲೇಜು ಬಿಡೋದೇ 22ಕ್ಕೆ. ಏರ್‌ಲೈನ್‌ನಲ್ಲಿ ಎಲ್ಲಾನೂ ಸೀನಿಯಾರಿಟಿ ನಂಬರ್: ಯಾವ ವಿಮಾನ, ಯಾವ ಊರು, ಹಬ್ಬಕ್ಕೆ ರಜೆ, ಯಾವಾಗ ಕ್ಯಾಪ್ಟನ್. ಒಂದು ವರ್ಷ ಮೊದಲು ಸೇರಿದವನು 65ರ ತನಕ ಮುಂದೆನೇ ಇರ್ತಾನೆ. ಡೆಲ್ಟಾ ಕೂಡ 2022ರಲ್ಲಿ ನಾಲ್ಕು ವರ್ಷದ ಡಿಗ್ರಿ ಕಡ್ಡಾಯ ಅನ್ನೋದನ್ನ ಕೈಬಿಟ್ಟಿತು.

ಮೋಡದಾಚೆ
23 ಆಗೋ ತನಕ ಎಟಿಪಿ ಕೊಡಲ್ಲ ಅಲ್ವಾ? 21ಕ್ಕೆ 1500 ಮುಟ್ಟಿ ಏನು ಪ್ರಯೋಜನ?

ನೇರಮಾತು
ಪೂರ್ತಿ ಎಟಿಪಿಗೆ 23. ಆದರೆ 1500 ಗಂಟೆ ಇದ್ದು, ಅದರಲ್ಲಿ 200 ಗಂಟೆ ಕ್ರಾಸ್‌ಕಂಟ್ರಿ (ದೂರದ ಹಾರಾಟ) ಇದ್ದರೆ ಡಿಗ್ರಿ ಇಲ್ಲದೆಯೇ 21ಕ್ಕೆ ರಿಸ್ಟ್ರಿಕ್ಟೆಡ್ ಸಿಗುತ್ತೆ. ಕೋ-ಪೈಲಟ್ ಸೀಟಿಗೆ ಅಷ್ಟು ಸಾಕು.

ತೇಜಸ್ವಿನಿ_ಟೇಕಾಫ್
ನೇರಮಾತು ಅವರ ಲೆಕ್ಕದಲ್ಲಿ ಒಂದು ತೂತಿದೆ. ಡಿಗ್ರಿಯವನು ಕಾಲೇಜು ಮುಗಿದ ಮೇಲೆ ಪಾಠ ಹೇಳೋಕೆ ಶುರು ಮಾಡ್ತಾನೆ ಅಂತ ಹಿಡಿದಿದ್ದೀರಿ. ಸರಿಯಾಗಿ ಯೋಜನೆ ಹಾಕಿದವರು ಮೂರನೇ ವರ್ಷದಲ್ಲೇ ಸಿಎಫ್‌ಐ (ಇನ್‌ಸ್ಟ್ರಕ್ಟರ್ ಲೈಸೆನ್ಸ್) ಮುಗಿಸಿ ಅದೇ ಕಾಲೇಜಲ್ಲಿ ಇನ್‌ಸ್ಟ್ರಕ್ಟರ್ ಆಗಿರ್ತಾರೆ. ಡಿಗ್ರಿ ಕೈಗೆ ಬರೋ ಹೊತ್ತಿಗೆ 500-600 ಗಂಟೆ ಆಗಿರುತ್ತೆ.

ಇನ್ನೊಂದು. 1500 ಮುಟ್ಟಿದ ದಿನವೇ ಏರ್‌ಲೈನ್ ಬಾಗಿಲು ತೆರೆದಿರುತ್ತೆ ಅನ್ನೋ ನಂಬಿಕೆ ಬೇಡ. ನೇಮಕಾತಿ ನಿಂತಾಗ 1500 ಇರೋನೂ 1000 ಇರೋನೂ ಒಂದೇ ಸಾಲಲ್ಲಿ ಕಾಯ್ತಾರೆ, ಆಗ ಡಿಗ್ರಿ ಇರೋನ ಅರ್ಜಿ ಮೇಲಿರುತ್ತೆ. ಕಡ್ಡಾಯ ಅಲ್ಲ ಅಂದ್ರೆ ಲೆಕ್ಕಕ್ಕೇ ಇಲ್ಲ ಅಂತ ಅರ್ಥ ಅಲ್ಲ.

ನೇರಮಾತು
ಮೂರನೇ ವರ್ಷಕ್ಕೆ ಸಿಎಫ್‌ಐ ಮುಗಿಸೋರು ಎಷ್ಟು ಜನ? ಬ್ರೋಷರ್‌ನಲ್ಲಿ ಎಲ್ಲರೂ, ಹ್ಯಾಂಗರ್‌ನಲ್ಲಿ ಕೆಲವರು.

ಸ್ಟೇಜ್‌ಚೆಕ್
ಅಲ್ಲೇ ಇರೋದು ವಿಷಯ. ಕಾಲೇಜಲ್ಲಿ ಯಾಕೆ ತಡ ಆಗುತ್ತೆ ಅಂತ ಬಿಡಿಸಿ ಹೇಳ್ತೀನಿ.

ಸೆಮಿಸ್ಟರ್ ಅಂದ್ರೆ ಸುಮಾರು 15 ವಾರ. ಫ್ಲೈಟ್ ಸ್ಲಾಟ್ ವಾರಕ್ಕೆ ಮೂರು. ಮೋಡ, ಗಾಳಿ, ವಿಮಾನದ ರಿಪೇರಿ ಸೇರಿ ಮೂರರಲ್ಲಿ ಒಂದು ಹೋಯ್ತು ಅಂದ್ಕೊಳ್ಳಿ. ಉಳಿದದ್ದು 30 ಪಾಠ. ಪ್ರೈವೇಟ್‌ಗೆ ಕಾಗದದಲ್ಲಿ 35 ಗಂಟೆ ಇದ್ದರೂ 60 ದಾಟೋದು ಮಾಮೂಲಿ. ಅಲ್ಲಿಗೆ ಒಂದು ಸೆಮಿಸ್ಟರ್‌ನ ಕೋರ್ಸ್ ಒಂದೂವರೆ ಆಯ್ತು. ಮಾರ್ಕ್ಸ್ ಕಾರ್ಡಲ್ಲಿ 'ಇನ್‌ಕಂಪ್ಲೀಟ್' ಬೀಳುತ್ತೆ. ಅದು ಮುಗಿಯೋ ತನಕ ಮುಂದಿನ ಫ್ಲೈಟ್ ಕೋರ್ಸ್‌ಗೆ ಸೇರಿಸಲ್ಲ, ಸ್ಲಾಟ್ ಬೇರೆಯವರ ಪಾಲು.

ಡಿಸೆಂಬರ್ ರಜೆಗೆ ಊರಿಗೆ ಹೋದರೆ ಐದು ವಾರ ಹಾರಾಟ ಇಲ್ಲ. ವಿದ್ಯಾರ್ಥಿಯ ಸೋಲೋ ಅನುಮತಿ 90 ದಿನಕ್ಕೆ ಮುಗಿಯುತ್ತೆ, ಕೈಯ ಪಳಗಿಕೆ ಅದಕ್ಕಿಂತ ಬೇಗ ಹೋಗುತ್ತೆ. ವಾಪಸ್ ಬಂದಮೇಲೆ ಎರಡು ಮೂರು ಪಾಠ ಹಳೇದನ್ನ ನೆನಪಿಸೋಕೇ ಬೇಕು, ಅದಕ್ಕೂ ದುಡ್ಡು. ಇದರ ಮೇಲೆ ಮಧ್ಯದಲ್ಲಿ ಇನ್‌ಸ್ಟ್ರಕ್ಟರ್ ತನ್ನ 1000 ಮುಟ್ಟಿ ಏರ್‌ಲೈನ್‌ಗೆ ಹೊರಟುಬಿಡ್ತಾನೆ. ಹೊಸಬರು ಬಂದು "ಒಂದ್ಸಲ ನಿನ್ನ ಲ್ಯಾಂಡಿಂಗ್ ನೋಡೋಣ" ಅಂತಾರೆ.

ಮಾಡಬಹುದಾದ್ದು ಇಷ್ಟು. ಲಿಖಿತ ಪರೀಕ್ಷೆಯನ್ನ ಹಾರಾಟ ಅರ್ಧ ಆಗೋ ಮೊದಲೇ ಬರೆದು ಮುಗಿಸಿ. 70 ಬಂದರೆ ಪಾಸು, ಫಲಿತಾಂಶ 24 ತಿಂಗಳು ನಡೆಯುತ್ತೆ, ಅದಕ್ಕೆ ಕಾಯೋಕೆ ಕಾರಣವೇ ಇಲ್ಲ. ಬೆಳಗ್ಗೆ ಮೊದಲ ಸ್ಲಾಟ್ ಹಿಡೀರಿ: ಗಾಳಿ ಕಡಿಮೆ, ಹಿಂದಿನ ಪಾಠ ತಡವಾಗಿ ನಿಮ್ಮದು ರದ್ದಾಗೋ ಭಯವೂ ಇಲ್ಲ. ಬೇಸಿಗೆ ಸೆಮಿಸ್ಟರ್ ಬಿಡಬೇಡಿ, ಆಗ ಹಾರಾಟ ಬಿಟ್ಟು ಬೇರೆ ಕ್ಲಾಸ್ ಹೆಚ್ಚು ಇರಲ್ಲ.

ಪುಟ್ಟ_ಹಕ್ಕಿ
ಹವಾಮಾನ ಚೆನ್ನಾಗಿರೋ ಊರಿನ ಕಾಲೇಜ್ ಆರಿಸಿದ್ರೆ ಆಯ್ತಲ್ಲ?

ವಿಂಡ್‌ಸಾಕ್
ಎಲ್ಲ ಕಡೆ ಒಂದೊಂದು ಕಾಟ. ಎಂಬ್ರಿ-ರಿಡಲ್‌ನ ಡೇಟೋನಾ ಬೀಚ್ ಕ್ಯಾಂಪಸ್ ಫ್ಲಾರಿಡಾದಲ್ಲಿದೆ, ಬೇಸಿಗೆ ಮಧ್ಯಾಹ್ನ ಗುಡುಗು ಮಳೆ ಗ್ಯಾರಂಟಿ ಅಂದ್ಕೊಳ್ಳಿ. ಅವರದ್ದೇ ಪ್ರೆಸ್ಕಾಟ್ ಕ್ಯಾಂಪಸ್ ಅರಿಜೋನಾದಲ್ಲಿ: ಬಿಸಿಲು ಚೆನ್ನ, ಆದರೆ ರನ್‌ವೇ 5000 ಅಡಿ ಎತ್ತರದಲ್ಲಿದೆ. ಬೇಸಿಗೆ ಮಧ್ಯಾಹ್ನ ಗಾಳಿ ತೆಳುವಾಗಿ ಟ್ರೈನರ್ ವಿಮಾನ ಮೇಲೇರೋಕೆ ಹೆಣಗುತ್ತೆ. ನಾರ್ತ್ ಡಕೋಟಾ ಯೂನಿವರ್ಸಿಟಿ ಇರೋ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಚಳಿಗಾಲ ಅಂದ್ರೆ ಎಂಜಿನ್‌ಗೆ ಹೀಟರ್ ಹಚ್ಚಿ ಎಬ್ಬಿಸಬೇಕು. ಆದರೆ ಒಂದು ಮಾತು, ನಿಜವಾದ ಮೋಡ, ಐಸಿಂಗ್ (ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟೋದು) ಮುನ್ಸೂಚನೆ, ಪಕ್ಕಗಾಳಿ ನೋಡಿ "ಇವತ್ತು ಬೇಡ" ಅನ್ನೋದನ್ನ ಕಲಿತವರು ಮುಂದೆ ಒಳ್ಳೇ ಪೈಲಟ್ ಆಗ್ತಾರೆ. ವರ್ಷಪೂರ್ತಿ ನೀಲಿ ಆಕಾಶದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾಡಿದವರಿಗೆ ಮೋಡದ ಒಳಗೆ ಹೋದ ಅನುಭವವೇ ಇರಲ್ಲ.

ಎಣ್ಣೆಡಬ್ಬ
ನಾರ್ತ್ ಡಕೋಟಾ ಅಂದ್ರಲ್ಲ, 2023ರಲ್ಲಿ ಅವರು ಸೀಸವಿಲ್ಲದ ಯುಎಲ್94 ಪೆಟ್ರೋಲ್‌ಗೆ ಬದಲಾಯಿಸಿ, ಕೆಲವೇ ತಿಂಗಳಲ್ಲಿ ಸೀಸ ಇರೋ ಹಳೇ 100ಎಲ್‌ಎಲ್‌ಗೆ ವಾಪಸ್ ಬಂದರು. ಎಕ್ಸಾಸ್ಟ್ ವಾಲ್ವ್ ಕೂರೋ ಸೀಟು ಸವೆಯೋದು ಅಳತೆಯಲ್ಲಿ ಕಂಡುಬಂತು. ದೊಡ್ಡ ಫ್ಲೀಟ್, ದಿನಾ ಹಾರಾಟ, ಪ್ರತಿ ಎಂಜಿನ್‌ದೂ ಲೆಕ್ಕ ಇಡ್ತಾರೆ, ಅದಕ್ಕೇ ಬೇಗ ಗೊತ್ತಾಯ್ತು. ಕಾಲೇಜ್ ಫ್ಲೀಟ್‌ನ ಒಂದು ಲಾಭ ಇದೂ ಹೌದು.

ಪುಟ್ಟ_ಹಕ್ಕಿ
ಎಣ್ಣೆಡಬ್ಬ ಅವರಿಗೆ ಯಾವ ಚರ್ಚೆ ಇದ್ದರೂ ಪೆಟ್ರೋಲ್‌ಗೇ ಬಂದು ನಿಲ್ಲುತ್ತೆ 😄

ಪೈಲಾನ್ ಪದ್ದು
ಚೆಕ್‌ರೈಡ್, ಅಂದ್ರೆ ಪರೀಕ್ಷಕರ ಜೊತೆ ಹಾರಿ ತೋರಿಸೋ ಪರೀಕ್ಷೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಕಮರ್ಷಿಯಲ್‌ನಲ್ಲಿ ಜನ ಬೀಳೋ ಜಾಗ ಪವರ್-ಆಫ್ 180. ರನ್‌ವೇ ಪಕ್ಕದಲ್ಲಿ ಹಾರ್ತಾ, ಇಳಿಯಬೇಕಾದ ಗುರುತಿನ ನೇರಕ್ಕೆ ಬಂದಾಗ ಥ್ರಾಟಲ್ ಪೂರ್ತಿ ಹಿಂದಕ್ಕೆ. ಮತ್ತೆ ಮುಟ್ಟೋ ಹಾಗಿಲ್ಲ. ಚಕ್ರ ಆ ಗುರುತಿನ ಮೇಲೆ ಅಥವಾ ಅದರಾಚೆ 200 ಅಡಿಯೊಳಗೆ ಬೀಳಬೇಕು. ಒಂದಡಿ ಮೊದಲೇ ಬಿದ್ದರೂ ಫೇಲು.

ಎಲ್ಲರೂ ಮಾಡೋ ತಪ್ಪು ಫ್ಲ್ಯಾಪ್ (ರೆಕ್ಕೆಯ ಹಿಂದೆ ಕೆಳಗಿಳಿಯೋ ಹಲಗೆ) ಬೇಗ ಹಾಕೋದು. ಹಾಕಿದ ಫ್ಲ್ಯಾಪ್ ತೆಗೆದರೆ ವಿಮಾನ ಕುಸಿಯುತ್ತೆ, ಹಾಗಾಗಿ ರನ್‌ವೇ ಮುಟ್ಟೋದು ಖಾತ್ರಿ ಆಗೋ ತನಕ ಕೈ ಹಾಕಬೇಡಿ. ಸ್ವಲ್ಪ ಎತ್ತರ ಹೆಚ್ಚೇ ಇಟ್ಕೊಳ್ಳಿ, ಹೆಚ್ಚಿದ್ದನ್ನ ಸ್ಲಿಪ್ ಮಾಡಿ (ವಿಮಾನವನ್ನ ಓರೆಯಾಗಿ ಜಾರಿಸಿ) ಕಳೀಬಹುದು, ಕಡಿಮೆಯಾದದ್ದನ್ನ ತರೋಕೆ ಆಗಲ್ಲ. ಎದುರುಗಾಳಿ ಜೋರಿದ್ದರೆ ರನ್‌ವೇ ಕಡೆಗೆ ತಿರುಗೋದು ಕೂಡಲೇ. ಸೆಸ್ನಾ 172ಎಸ್‌ನಲ್ಲಿ 68 ನಾಟ್‌ಗೆ ಟ್ರಿಮ್ ಮಾಡಿಟ್ಟು ಮೂಗು ಎತ್ತೋ ಆಸೆ ಬಿಡಿ. ಮೂಗೆತ್ತಿ ಎಳೆದಷ್ಟೂ ಮೊದಲೇ ಇಳೀತೀರಿ.

ಏಟ್ಸ್ ಆನ್ ಪೈಲಾನ್ಸ್‌ಗೆ (ನೆಲದ ಎರಡು ಗುರುತುಗಳ ಸುತ್ತ 8ರ ಆಕಾರದಲ್ಲಿ ಹಾರೋದು) ಎತ್ತರದ ಸೂತ್ರ: ನೆಲಕ್ಕೆ ಹೋಲಿಸಿದ ವೇಗದ ವರ್ಗವನ್ನ 11.3ರಿಂದ ಭಾಗಿಸಿ. 100 ನಾಟ್‌ಗೆ 885 ಅಡಿ, 90ಕ್ಕೆ 717. ಗಾಳಿ ಹಿಂದಿನಿಂದ ಬಂದಾಗ ಮೇಲೆ, ಎದುರಿಗೆ ಬಂದಾಗ ಕೆಳಗೆ. ರಡರ್ ಒತ್ತಿ ರೆಕ್ಕೆಯನ್ನ ಗುರುತಿಗೆ ಎಳೆಯೋದನ್ನ ಪರೀಕ್ಷಕರು ತಕ್ಷಣ ಹಿಡೀತಾರೆ.

ಮೋಡದಾಚೆ
ಒಂದು ಚೆಕ್‌ರೈಡ್ ಫೇಲ್ ಆದ್ರೆ ಕಥೆ ಮುಗೀತಾ?

ಸ್ಟೇಜ್‌ಚೆಕ್
ಒಂದಕ್ಕೆ ಏನೂ ಆಗಲ್ಲ. ಮೂರ್ನಾಲ್ಕಾದರೆ ಇಂಟರ್ವ್ಯೂನಲ್ಲಿ ಬೆವರಬೇಕಾಗುತ್ತೆ. ಮುಚ್ಚಿಟ್ಟರೆ ಮಾತ್ರ ಮುಗೀತು, ಏರ್‌ಲೈನ್‌ಗಳು ಎಫ್‌ಎಎ ಪೈಲಟ್ ದಾಖಲೆ ಡೇಟಾಬೇಸ್ ನೋಡೇ ನೋಡ್ತವೆ. ಹವಾಮಾನ ಕೆಟ್ಟು ಅರ್ಧಕ್ಕೆ ನಿಲ್ಲಿಸಿದರೆ ಅದು ಫೇಲ್ ಅಲ್ಲ, ಆಗಿರೋ ಭಾಗಕ್ಕೆ ಪತ್ರ ಕೊಡ್ತಾರೆ. ಕೆಲವು 141 ಕಾಲೇಜುಗಳಿಗೆ ಸ್ವಂತ ಪರೀಕ್ಷಾಧಿಕಾರ ಇದೆ, ಹೊರಗಿನ ಪರೀಕ್ಷಕರಿಗೆ ವಾರಗಟ್ಟಲೆ ಕಾಯೋದು ತಪ್ಪುತ್ತೆ. ಅಡ್ಮಿಷನ್ ಮುಂಚೆ ಕೇಳಬೇಕಾದ ಪ್ರಶ್ನೆ ಇದು, ಆದರೆ ಎಲ್ಲರೂ ಹಾಸ್ಟೆಲ್ ಬಗ್ಗೆ ಕೇಳ್ತಾರೆ.

ನೇರಮಾತು
ಆ ಡೇಟಾಬೇಸ್ ಹುಟ್ಟಿದ್ದೇ ಕೋಲ್ಗನ್ ಏರ್‌ಲೈನ್‌ನ 3407 ವಿಮಾನದ ಅಪಘಾತದಿಂದ. 2009ರ ಫೆಬ್ರವರಿ 12, ಬಫಲೋ ಹತ್ತಿರ, 50 ಸಾವು. ಈ 1500 ಗಂಟೆ ನಿಯಮವೂ ಅದರಿಂದಲೇ ಬಂತು, 2010ರಲ್ಲಿ ಕಾನೂನು, 2013ರಲ್ಲಿ ಜಾರಿ. ತಮಾಷೆ ಏನಂದ್ರೆ ಆ ವಿಮಾನದ ಕ್ಯಾಪ್ಟನ್‌ಗೂ ಕೋ-ಪೈಲಟ್‌ಗೂ 1500ಕ್ಕಿಂತ ಬಹಳ ಹೆಚ್ಚು ಗಂಟೆ ಇತ್ತು. ಸ್ಟಾಲ್ (ರೆಕ್ಕೆ ಎತ್ತೋ ಬಲ ಕಳ್ಕೊಳ್ಳೋದು) ಎಚ್ಚರಿಕೆ ಬಂದಾಗ ಕಂಟ್ರೋಲ್ ಹಿಂದಕ್ಕೆ ಎಳೆದದ್ದು ತರಬೇತಿಯ ಸಮಸ್ಯೆ, ಗಂಟೆಯದ್ದಲ್ಲ.

ತೇಜಸ್ವಿನಿ_ಟೇಕಾಫ್
ಅದಕ್ಕೇ ಅಲ್ವಾ ಕಾನೂನಿನಲ್ಲೇ ಓದಿಗೆ ಗಂಟೆ ರಿಯಾಯಿತಿ ಇಟ್ಟಿದ್ದು! ವ್ಯವಸ್ಥಿತ ತರಬೇತಿ ಒಂದಷ್ಟು ಗಂಟೆಗೆ ಸಮ ಅಂತ ಒಪ್ಪಿದ ಹಾಗೆ. ನಿಮ್ಮ ವಾದ ನಿಮಗೇ ತಿರುಗಿತು. ಜೊತೆಗೆ ಎಟಿಪಿ ಬರೆಯೋ ಮೊದಲು ಎಲ್ಲರೂ ಸಿಟಿಪಿ ಕೋರ್ಸ್ ಮಾಡಬೇಕು: 30 ಗಂಟೆ ತರಗತಿ, 10 ಗಂಟೆ ಸಿಮ್ಯುಲೇಟರ್. ದೊಡ್ಡ ಜೆಟ್‌ನ ಸ್ಟಾಲ್ ಹೇಗಿರುತ್ತೆ ಅಂತ ತೋರಿಸೋದೂ ಅದರಲ್ಲಿದೆ.

ನೇರಮಾತು
ಒಪ್ಪಿದೆ, ಅರ್ಧ.

ದೂರದಾರಿ
ಭಾರತದಿಂದ ಹೋಗೋರಿಗೆ. ಡಿಗ್ರಿಗೆ ಎಫ್-1 ವೀಸಾ, ಬರೀ ಫ್ಲೈಟ್ ಸ್ಕೂಲ್‌ಗೆ ಸಾಮಾನ್ಯವಾಗಿ ಎಂ-1. ಅಲ್ಲಿ ಹೋದಮೇಲೆ ಎಂ-1ನಿಂದ ಎಫ್-1ಗೆ ಬದಲಾಯಿಸೋಕೆ ಬಿಡಲ್ಲ. ಎಫ್-1ರಲ್ಲಿ ಡಿಗ್ರಿ ಮುಗಿದ ಮೇಲೆ 12 ತಿಂಗಳು ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡೋ ಅನುಮತಿ) ಸಿಗುತ್ತೆ, ಆ ವರ್ಷ ಇನ್‌ಸ್ಟ್ರಕ್ಟರ್ ಆಗಿ ಗಂಟೆ ತುಂಬಿಸಬಹುದು. ಡಿಗ್ರಿ ದಾರಿಗೆ ಪರದೇಶಿ ವಿದ್ಯಾರ್ಥಿಯ ದೃಷ್ಟಿಯಿಂದ ಇದೇ ದೊಡ್ಡ ಲಾಭ, 500 ಗಂಟೆ ರಿಯಾಯಿತಿ ಅಲ್ಲ. ಯಾಕಂದ್ರೆ ಅಮೆರಿಕದ ಏರ್‌ಲೈನ್‌ಗಳು ಬಹುತೇಕ ಶಾಶ್ವತವಾಗಿ ಕೆಲಸ ಮಾಡೋ ಹಕ್ಕು ಇರೋರನ್ನೇ ತಗೊಳ್ತವೆ. 1000 ಮುಟ್ಟಿಯೂ ಸೀಟು ಸಿಗದೇ ಇರಬಹುದು. ಹಾರಾಟ ಶುರು ಮಾಡೋ ಮೊದಲು ಟಿಎಸ್‌ಎ ಭದ್ರತಾ ಪರಿಶೀಲನೆ ಬೇರೆ. ಅದು ಬರದೆ ವಿಮಾನ ಹತ್ತಿಸಲ್ಲ, ಅಡ್ಮಿಷನ್ ಸಿಕ್ಕ ಕೂಡಲೇ ಅರ್ಜಿ ಹಾಕಿ.

ವಾಪಸ್ ಬಂದು ಹಾರಬೇಕು ಅಂದ್ರೆ ಇಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎ ಪರೀಕ್ಷೆ, ಭಾರತದ ಕ್ಲಾಸ್ 1 ಮೆಡಿಕಲ್, ರೇಡಿಯೋ ಲೈಸೆನ್ಸ್ ಬೇಕೇ ಬೇಕು. ಇಲ್ಲಿ ಕಮರ್ಷಿಯಲ್‌ಗೆ 200 ಗಂಟೆ, ಅದರಲ್ಲಿ 100 ಪೈಲಟ್-ಇನ್-ಕಮಾಂಡ್ (ಪಿಐಸಿ), ಅಂದ್ರೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ. ಡಿಗ್ರಿ ಕೇಳಲ್ಲ, 12ನೇ ತರಗತಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇದ್ದರೆ ಸಾಕು. ಭಾರತದಲ್ಲೇ ಕೆಲಸ ಅಂತ ಗಟ್ಟಿಯಾಗಿದ್ದರೆ ಅಮೆರಿಕದ ನಾಲ್ಕು ವರ್ಷದ ಡಿಗ್ರಿಗೆ ದುಡ್ಡು ಸುರಿಯೋಕೆ ನನಗಂತೂ ಕಾರಣ ಕಾಣಲ್ಲ.

ಲಾಗ್‌ಬುಕ್ ಲಿಂಗಣ್ಣ
ಲಾಗ್‌ಬುಕ್ ಬಗ್ಗೆ ಒಂದು ಸೇರಿಸ್ತೀನಿ. ಎಫ್‌ಎಎ ನಿಯಮದಲ್ಲಿ ಲೈಸೆನ್ಸ್ ಇರೋನು ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದು ಪಾಠ ಕಲಿಯುವಾಗಲೂ, ಕಂಟ್ರೋಲ್ ತನ್ನ ಕೈಯಲ್ಲಿದ್ದರೆ ಪಿಐಸಿ ಅಂತ ಬರೆಯಬಹುದು. ಬೇರೆ ಹಲವು ದೇಶಗಳಲ್ಲಿ ಅದು ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆಗಿನ ಪಾಠ), ಪಿಐಸಿ ಅಲ್ಲ. ಸೋಲೋ, ಡ್ಯುಯಲ್, ಪಿಐಸಿ ಮೂರಕ್ಕೂ ಮೊದಲ ದಿನದಿಂದ ಬೇರೆ ಬೇರೆ ಕಾಲಂ ಇಡಿ.

ಕ್ರಾಸ್‌ಕಂಟ್ರಿಗೂ ಎರಡು ಕಾಲಂ. ಕಮರ್ಷಿಯಲ್‌ಗೆ ಲೆಕ್ಕ ಹಿಡಿಯೋದು 50 ನಾಟಿಕಲ್ ಮೈಲಿಗಿಂತ ದೂರ ಹೋಗಿ ಅಲ್ಲಿ ಇಳಿದರೆ ಮಾತ್ರ. ಎಟಿಪಿಗೆ ಅಷ್ಟು ದೂರ ಹೋಗಿಬಂದರೆ ಸಾಕು, ಇಳಿಯಲೇಬೇಕು ಅಂತಿಲ್ಲ. ಇನ್‌ಸ್ಟ್ರಕ್ಟರ್ ಆದವರು ಏರ್‌ಪೋರ್ಟ್ ಸುತ್ತಲೇ ಸುತ್ತಿ ಒಟ್ಟು ಗಂಟೆ ಮುಟ್ಟಿರ್ತಾರೆ, 200 ಗಂಟೆ ಕ್ರಾಸ್‌ಕಂಟ್ರಿ ಇರಲ್ಲ, 100 ಗಂಟೆ ರಾತ್ರಿ ಹಾರಾಟ ಇರಲ್ಲ. 1000 ಆಗಿಯೂ ಅರ್ಜಿ ಹಾಕೋಕೆ ಆಗದೆ ಕೂತಿರ್ತಾರೆ.

ಪುಟ್ಟ_ಹಕ್ಕಿ
ಮಧ್ಯದಲ್ಲಿ ಕಾಲೇಜು ಬದಲಾಯಿಸಿದ್ರೆ ಹಾರಿದ ಗಂಟೆ ಹೊಸ ಕೋರ್ಸ್‌ಗೆ ಸೇರುತ್ತಾ?

ಸ್ಟೇಜ್‌ಚೆಕ್
ಹಳೇದು ಪಾರ್ಟ್ 141 ಆಗಿದ್ದರೆ ಹೊಸ ಕೋರ್ಸ್‌ನ ಹೆಚ್ಚೆಂದರೆ ಅರ್ಧದಷ್ಟಕ್ಕೆ, ಪಾರ್ಟ್ 61 ಆಗಿದ್ದರೆ ಕಾಲು ಭಾಗಕ್ಕೆ ಮನ್ನಾ. ಅದೂ ಹೊಸ ಕಾಲೇಜು ಪರೀಕ್ಷೆ ಮಾಡಿ ಒಪ್ಪಿದರೆ. ಲಾಗ್‌ಬುಕ್‌ನ ಒಟ್ಟು ಗಂಟೆ ಎಲ್ಲೂ ಹೋಗಲ್ಲ, ಕೋರ್ಸ್ ಮಾತ್ರ ಮತ್ತೆ ಹಾರಬೇಕು. ಬದಲಾಯಿಸಲೇಬೇಕಾದರೆ ಒಂದು ರೇಟಿಂಗ್ ಪೂರ್ತಿ ಮುಗಿಸಿ, ಲೈಸೆನ್ಸ್ ಕೈಗೆ ಬಂದಮೇಲೆ ಹೋಗಿ. ಅರ್ಧ ಇನ್‌ಸ್ಟ್ರುಮೆಂಟ್ ಹೊತ್ತುಕೊಂಡು ಹೋದರೆ ಎರಡು ಸಲ ದುಡ್ಡು ಕಟ್ತೀರಿ.